ರುಮಾಲು ತೆಗೆದು ಗಡಿ ದಾಟುತ್ತಿದ್ದ ಶೇಕದಾರರು

ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಹೋಗುವ ಗಾಡಿ ದಾರಿಯಲ್ಲಿ, ನೇಕಾರರ ಒಂದು ಸಣ್ಣ ಹಳ್ಳಿ ದಾಟಿದ ಕೂಡಲೇ ಒಂದು ಬಾಂದುಕಲ್ಲಿದೆ. ಮೈಸೂರು ಸೀಮೆ ಅಲ್ಲಿಗೆ ಮುಗಿಯುತ್ತದೆ. ಆ ಕಲ್ಲಿನ ಹತ್ತಿರ ಬಂದಾಗ ಅವರು ತಮ್ಮ ತಟ್ಟುಕುದುರೆಯಿಂದ ಇಳಿಯುತ್ತಿದ್ದರು. ತಲೆಯ ಮೇಲಿನ ಸರಿಗೆ ಅಂಚಿನ ರುಮಾಲನ್ನು ಕಟ್ಟಿದ ಹಾಗೆಯೇ ಎರಡು ಕೈಯಿಂದ ಎತ್ತಿ, ಒಗೆದ ಪಂಚೆಯಲ್ಲಿ ಸುತ್ತಿ ಹೆಗಲ ಚೀಲದಲ್ಲಿ ಇಡುತ್ತಿದ್ದರು. ಬೋಳುತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು, ತಟ್ಟುವನ್ನು ಹಗ್ಗ ಹಿಡಿದು ನಡೆಸುತ್ತಾ ಆ ಕಡೆಗೆ ಕಾಲಿಡುತ್ತಿದ್ದರು. ಹಿಂದಿರುಗುವಾಗ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತಿತ್ತು.

ಅವರು ಹೋಬಳಿಯ ಶೇಕದಾರರು. ಕಂದಾಯ, ಜಮೀನಿನ ತಕರಾರು, ದೊಡ್ಡಿಗೆ ಸೇರಿದ ದನ, ಎಲ್ಲವೂ ಅವರ ಕೈಕೆಳಗೆ ಬರುತ್ತಿದ್ದವು. ಮಗಳನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಅದು ಮದರಾಸಿನ ಆಡಳಿತಕ್ಕೆ ಸೇರಿದ ಊರು. ಕಂಪನಿ ಸರ್ಕಾರ ಹೋಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಜನ ಆ ಕಡೆಯನ್ನು ಈಗಲೂ ಕುಂಪಣಿ ಸೀಮೆ ಎನ್ನುತ್ತಾರೆ. ರುಮಾಲು ಯಾಕೆ ತೆಗೆಯುತ್ತೀರಿ ಎಂದು ನಾನು ಮೊದಲ ಸಲ ಕೇಳಿದಾಗ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಇದನ್ನ ಹಾಕ್ಕಂಡು ಹೋದ್ರೆ ಮೈಸೂರು ಸರ್ಕಾರ ಅಪ್ಪಣೆ ಇಲ್ದೆ ಬ್ಯಾರೆ ಸೀಮೆಗೆ ನುಗ್ಗಿದಂಗಾತು. ಬೋಳುತಲೇಲಿ ಹೋದ್ರೆ ಮಗಳ ಮನೆಗೆ ಹೊಂಟ ಮುದುಕ. ಮುದುಕನ್ನ ಯಾರು ತಡೀತಾರೆ?"

ಆ ರುಮಾಲನ್ನು ಅವರು ಸ್ವಂತ ಸಂಬಳದಲ್ಲಿ ಕೊಂಡಿದ್ದರು. ಆದರೂ ಅದು ಸರ್ಕಾರದ್ದು ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು, ಆ ಕಡೆಯಲ್ಲೇ, ಮಗಳ ಮನೆಯಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಹಿಯಲ್ಲಿ ಬಿಟ್ಟರೆ ಅವರೂ ಅದನ್ನು ಹೆಚ್ಚು ಬಳಸಿದವರಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತರೆ ಎಂಟು ವರ್ಷದ ಹಿಂದಿನ ಒಂದು ಬೆಳಗೇ ಎದುರಿಗೆ ಬಂದು ನಿಲ್ಲುತ್ತದೆ. ಗುಂಡು ಹಾರಿಸಲು ಕೋವಿಯ ಕುದುರೆಯನ್ನು ಹಿಂದಕ್ಕೆ ಎಳೆದಾಗ ಆಗುವ ಆ ಸಣ್ಣ ಸದ್ದನ್ನು ನಾನು ಇವತ್ತಿಗೂ ಪೆಟ್ಟಿಗೆಯ ಬೀಗದಲ್ಲಿ, ಬಾಗಿಲ ಚಿಲಕದಲ್ಲಿ ಕೇಳುತ್ತೇನೆ. ಆದರೆ ಅವರು ಅದೊಂದೇ ಬೆಳಗಿನ ಮನುಷ್ಯರಲ್ಲ. ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಅವರಿದ್ದ ರೀತಿಯನ್ನು ಮೊದಲು ಹೇಳುತ್ತೇನೆ.

ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ನನ್ನನ್ನು ಕೆಲಸ ಕಲಿಯಲೆಂದು ಮೊಳಕಾಲ್ಮೂರಿನ ಕಚೇರಿಗೆ ಹಾಕಿದ್ದರು. ಗುಡ್ಡದ ಕೆಳಗಿನ ಆ ಊರಿನಲ್ಲಿ ಬೆಳಗಾದರೆ ಮನೆಮನೆಯಿಂದಲೂ ಮಗ್ಗದ ಸದ್ದು. ಶೇಕದಾರರು ಗಿಡ್ಡ ಆಳು, ಎಡಭುಜ ಸ್ವಲ್ಪ ತಗ್ಗು. ನಶ್ಯ ಹಾಕುತ್ತಿದ್ದರು, ಅದೂ ಎಡಗೈಯಲ್ಲಿ. ಬಲಗೈ ಸಹಿ ಮಾಡುವ ಕೈ, ಅದಕ್ಕೆ ನಶ್ಯ ಮುಟ್ಟಿಸಬಾರದು ಎಂಬುದು ಅವರ ನಿಯಮ. ಕೆಳಗಿನ ಪರೀಕ್ಷೆ ಒಂದನ್ನು ಪಾಸು ಮಾಡಿದ್ದರೇ ಹೊರತು ಹೆಚ್ಚು ಓದಿದವರಲ್ಲ. ಇಂಗ್ಲಿಷು ಬರುತ್ತಿರಲಿಲ್ಲ. ತೆಲುಗು ಚೆನ್ನಾಗಿ ಬರುತ್ತಿತ್ತು, ಆದರೆ ಗಡಿಯ ಆ ಕಡೆಯ ಅಧಿಕಾರಿಗಳು ಬಂದರೆ ಕನ್ನಡ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅದೇ ಅಧಿಕಾರಿ ಬೋಳುತಲೆಯ ಶೇಕದಾರರಿಗೆ ರಾಯದುರ್ಗದ ಬೀದಿಯಲ್ಲಿ ಸಿಕ್ಕಿದರೆ ಇಬ್ಬರೂ ತೆಲುಗಿನಲ್ಲಿ ಮೊಮ್ಮಕ್ಕಳ ಕೆಮ್ಮಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರಂತೆ.

ಒಂದು ಸಲ ಆ ಕಡೆಯ ರೈತನ ಎಮ್ಮೆ ಈ ಕಡೆ ಬಂದು ನಮ್ಮ ದೊಡ್ಡಿ ಸೇರಿತು. ಬಿಟ್ಟುಕೊಡಿ ಎಂದು ಅಲ್ಲಿನ ಕಚೇರಿಯಿಂದ ಕಾಗದ ಬಂತು. ಲಕೋಟೆಯ ಮೇಲೆ "ಶೇಕದಾರ, ಮೊಳಕಾಲ್ಮೂರು" ಎಂದಷ್ಟೇ ಇತ್ತು. ಇವರು ಒಡೆಯದೆ ವಾಪಸು ಕಳಿಸಿದರು. ಎರಡನೆಯ ಸಲವೂ ಹಾಗೆಯೇ ಬಂತು, ಹಾಗೆಯೇ ಹೋಯಿತು. ಮೂರನೆಯದೂ ಅಷ್ಟೇ. ನಾಲ್ಕನೆಯ ಲಕೋಟೆಯ ಮೇಲೆ ಬೇಸತ್ತ ಕೈಯೊಂದು "ಮೈಸೂರು ಮಹಾರಾಜರ ಸರ್ಕಾರದ ಶೇಕದಾರರಿಗೆ" ಎಂದು ಪೂರ್ತಿಯಾಗಿ ಬರೆದಿತ್ತು. ಅಷ್ಟರಲ್ಲಿ ಎಮ್ಮೆ ಕರು ಹಾಕಿತ್ತು. ಶೇಕದಾರರು ಅದೇ ದಿನ ಜವಾಬು ಬರೆಸಿದರು. ಬಂದದ್ದು ಒಂದು, ಹೋಗುತ್ತಿರುವುದು ಎರಡು, ಎರಡೂ ಆರೋಗ್ಯವಾಗಿವೆ, ಎರಡಕ್ಕೂ ರಸೀದಿ ಕಳಿಸುವುದು.

ಅವರ ಹೆಂಡತಿ ಈ ಕಥೆಯನ್ನು ನನಗೆ ಊಟಕ್ಕೆ ಬಡಿಸುತ್ತಾ ಹೇಳಿದರು. "ಅಷ್ಟು ದಿನ ಹತ್ತಿಕಾಳು ಹಾಕಿದ್ದು ನಮ್ಮನೇದು ಕಣಪ್ಪ. ಒಂದು ಲೋಟ ಹಾಲು ಕರ್ಕಂತೀನಿ ಅಂದ್ರೆ, ಅದು ಕುಂಪಣಿ ಹಾಲು, ಮುಟ್ಟಬ್ಯಾಡ ಅಂದ್ರು ನೋಡು ಈ ಮಹಾರಾಯ್ರು."

"ಕರೂದು ಹಾಲು ಕರೂಗೆ," ಎಂದರು ಶೇಕದಾರರು, ಸಜ್ಜೆ ರೊಟ್ಟಿಯಿಂದ ಕಣ್ಣೆತ್ತದೆ.

ಆ ಊಟದ ದಿನವೇ ನಾನು ನನ್ನ ಓದನ್ನು ಅವರ ಮುಂದೆ ಬಿಚ್ಚಿದ್ದು. ಕಾಲೇಜಿನಲ್ಲಿ ಇತಿಹಾಸದ ಜೊತೆಗೆ ಸ್ವಲ್ಪ ಅಂತರರಾಷ್ಟ್ರೀಯ ನ್ಯಾಯವನ್ನೂ ಹೇಳಿಕೊಟ್ಟಿದ್ದರು. ನೆಲ, ಜನ, ಸರ್ಕಾರ ಇದ್ದ ಮಾತ್ರಕ್ಕೆ ಒಂದು ಸೀಮೆ ಸ್ವತಂತ್ರ ರಾಜ್ಯವಾಗುವುದಿಲ್ಲ, ಬೇರೆ ರಾಜ್ಯಗಳೊಡನೆ ತಾನೇ ವ್ಯವಹರಿಸುವ ಶಕ್ತಿ ಇರಬೇಕು, ಅವು ಇದನ್ನು ತಮ್ಮಂಥದೇ ಒಂದೆಂದು ಮಾನ್ಯ ಮಾಡಬೇಕು ಎಂದು ವಿವರಿಸಿದೆ. ನಮ್ಮ ಮೈಸೂರಿಗೆ ಯಾವ ದೇಶದಲ್ಲೂ ರಾಯಭಾರಿಯಿಲ್ಲ. ಯುದ್ಧ ಸಾರುವ ಹಕ್ಕಿಲ್ಲ, ಸಂಧಿ ಮಾಡಿಕೊಳ್ಳುವ ಹಕ್ಕಿಲ್ಲ. ಮಹಾರಾಜರು ಪಟ್ಟಕ್ಕೆ ಬರುವುದಕ್ಕೂ ಮೇಲಿನವರ ಒಪ್ಪಿಗೆ ಬೇಕು. ಹಾಗಿರುವಾಗ ಆ ಬಾಂದುಕಲ್ಲು ಎರಡು ರಾಜ್ಯಗಳ ನಡುವಿನದು ಎನ್ನಲಾಗದು, ಒಂದೇ ಮನೆಯ ಎರಡು ಕೋಣೆಗಳ ನಡುವಿನ ಹೊಸ್ತಿಲು ಅಷ್ಟೇ ಎಂದೆ.

ಅವರು ಕೈ ತೊಳೆದುಕೊಂಡು ಬಂದು ಕುಳಿತು ಎಡಗೈಯಿಂದ ನಶ್ಯ ಏರಿಸಿದರು.

"ದೂರದ ದೇಶದೋರು ನಮ್ಮನ್ನ ಕಂಡಿಲ್ಲ ಅಂತೀರಿ. ಆಗ್ಲಿ. ಪಕ್ಕದ ಹೊಲದೋನು ಕಂಡವ್ನಲ್ಲ? ಅವ್ನು ಒಳಗೆ ಬರೋ ಮುಂಚೆ ಕೇಳ್ತಾನೆ. ಕೇಳೋವರೆಗೂ ನಾವು ಇದ್ದೀವಿ. ಕೇಳೋದು ಬಿಟ್ಟ ದಿನ ನಿಮ್ಮ ಮೇಷ್ಟ್ರು ಹೇಳಿದ್ದೇ ನಿಜ."

"ಎಮ್ಮೆ ವಿಷಯಕ್ಕೆ ಕೇಳ್ತಾರೆ ಶೇಕದಾರ್ರೆ. ದೊಡ್ಡ ವಿಷಯಕ್ಕೆ ಕೇಳ್ತಾರಾ?"

"ಅದಕ್ಕೇ ಎಮ್ಮೆಗೆ ಕೇಳೋ ಅಭ್ಯಾಸ ಮಾಡ್ಸಿರೋದು," ಎಂದರು.

ನಾನು ನಕ್ಕೆ. ಅವರ ಹೆಂಡತಿಯೂ ನಕ್ಕರು.

ಆ ಕಲ್ಲಿನ ವಿಷಯ ಇನ್ನೊಂದಿದೆ. ಹಳ್ಳಿಯ ಪಕ್ಕದ ಹಳ್ಳ ಹಿಂದೆ ಒಮ್ಮೆ ತುಂಬಿ ಬಂದು ಕಲ್ಲನ್ನು ಕಿತ್ತುಹಾಕಿತ್ತು. ನೀರು ಇಳಿದ ಮೇಲೆ ಎರಡೂ ಕಡೆಯ ತಳವಾರರು, ಊರಿನ ಹಿರಿಯರು ಸೇರಿ ಅದನ್ನು ಮತ್ತೆ ನೆಟ್ಟು, ಕಾಯಿ ಒಡೆದು, ಒಟ್ಟಿಗೆ ಕೂತು ಊಟ ಮಾಡಿದರು. ಅಲ್ಲಿಂದ ಮುಂದೆ ವರ್ಷಕ್ಕೊಂದು ಸಲ ನಮ್ಮ ತಳವಾರ ಈ ಕಡೆಯ ಮುಖಕ್ಕೆ ಸುಣ್ಣ ಬಳಿಯುತ್ತಿದ್ದ, ಅವರ ತಳವಾರ ಆ ಕಡೆಯ ಮುಖಕ್ಕೆ ಕಾವಿ ಬಳಿಯುತ್ತಿದ್ದ. ಅದೇ ದಿನ, ಅದೇ ಹೊತ್ತಿಗೆ. ಒಬ್ಬನು ತಡವಾದರೆ ಇನ್ನೊಬ್ಬನು ಕುಂಚ ಹಿಡಿದುಕೊಂಡು ಕಾಯುತ್ತಿದ್ದ.

ಕೆಲಸ ಕಲಿಯುವ ಉತ್ಸಾಹದಲ್ಲಿ ನಾನು ಸರ್ವೆಯ ನಕಾಶೆಯ ಪ್ರತಿ ತೆಗೆದುಕೊಂಡು, ಸರಪಳಿ ಹಿಡಿಸಿ, ಆ ಜಾಗವನ್ನು ಅಳೆದೆ. ಕಲ್ಲು ಇರಬೇಕಾದ ಕಡೆ ಇರಲಿಲ್ಲ. ನಲವತ್ತು ಹೆಜ್ಜೆ ಪೂರ್ವಕ್ಕೆ, ಎಂದರೆ ಅವರ ಕಡೆಗೆ, ಸರಿದಿತ್ತು. ನಕಾಶೆಯ ಪ್ರಕಾರ ಹಳ್ಳಿಯ ಕೊನೆಯ ನೇಕಾರರ ಮನೆ ಕುಂಪಣಿ ಸೀಮೆಗೆ ಸೇರಬೇಕು. ಎರಡು ಸಲ ಅಳೆದು, ನಕಾಶೆಯ ಮೇಲೆ ಪೆನ್ಸಿಲಿನಿಂದ ಆ ಮನೆಯ ಜಾಗದಲ್ಲಿ ಒಂದು ಗುರುತು ಹಾಕಿ, ದೊಡ್ಡದೊಂದು ಸಂಶೋಧನೆ ಮಾಡಿದವನ ಹಾಗೆ ಶೇಕದಾರರಿಗೆ ತೋರಿಸಿದೆ.

"ಗೊತ್ತೈತೆ," ಎಂದರು.

"ಗೊತ್ತಾ? ಮತ್ತೆ?"

"ಸರಿಯಾದ ಜಾಗದಾಗೆ ಒಂದಡಿ ತೋಡಾದ್ರಾಗೆ ಬಂಡೆ ಬಂದು ಬಿಟ್ಟಿತ್ತು. ಹಾರೆ ಮುರೀತು. ಊಟ ಆರ್ತಾ ಇತ್ತು. ಮೆತ್ತಗಿದ್ದ ಕಡೆ ನೆಟ್ರು. ಅವ್ರ ತಳವಾರನೇ ಗುಂಡಿ ತೋಡಿದ್ದು."

"ಇದು ತಪ್ಪಲ್ವಾ?"

"ತಪ್ಪೇ. ಆದ್ರೆ ಇಬ್ರೂ ಸೇರಿ ಮಾಡಿದ ತಪ್ಪು. ಒಬ್ನೇ ಕೂತು ತಿದ್ದಾಕೆ ಬರಲ್ಲ."

ನಾನು ಮೇಲಕ್ಕೆ ವರದಿ ಬರೆಯಬೇಕೆಂದುಕೊಂಡೆ. ಬರೆಯುವ ಮೊದಲೇ ಆ ಬೆಳಗು ಬಂತು.

ಆ ಕೊನೆಯ ಮನೆ ತಿಪ್ಪಯ್ಯನೆಂಬ ನೇಕಾರನ ಮಾವನದು. ತಿಪ್ಪಯ್ಯ ಆ ಕಡೆಯ ಒಂದು ಊರಿನವನು. ಯಾವುದೋ ಕಳವಿನ ಅನುಮಾನದ ಮೇಲೆ ಅವನ ತಮ್ಮನನ್ನು ಅಲ್ಲಿನ ಪೋಲೀಸರು ಠಾಣೆಗೆ ಕರೆದುಕೊಂಡು ಹೋಗಿದ್ದರು. ಹೋದವನು ಮೂರನೆಯ ದಿನ ಚಾಪೆಯಲ್ಲಿ ಸುತ್ತಿದ ಹೆಣವಾಗಿ ಮನೆಗೆ ಬಂದ. ಅದಾದ ವಾರಕ್ಕೆ ಇವನನ್ನು ಕರೆಯಲು ಕಾನ್‌ಸ್ಟೇಬಲ್ ಬಂದಾಗ ತಿಪ್ಪಯ್ಯ ಕೈಯಲ್ಲಿದ್ದ ಮಗ್ಗದ ಲಾಳಿಯನ್ನೇ ಎಸೆದ. ಕಾನ್‌ಸ್ಟೇಬಲನ ಹಣೆ ಒಡೆಯಿತು. ತಿಪ್ಪಯ್ಯ ಓಡಿ ಗಡಿ ದಾಟಿ ಮಾವನ ಮನೆ ಸೇರಿದ.

ಈ ಸುದ್ದಿ ತಿಳಿದು ಶೇಕದಾರರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಬೆಳಿಗ್ಗೆ ಎಂಟು ಗಂಟೆಯ ಸುಮಾರು. ಬೀದಿಯಲ್ಲಿ ಹೆಂಗಸರು ಮಗ್ಗಕ್ಕೇರಿಸುವ ರೇಷ್ಮೆಯ ಹಾಸುನೂಲನ್ನು ಉದ್ದಕ್ಕೆ ಹಿಡಿದು ಗಂಜಿ ಸವರುತ್ತಿದ್ದರು. ತಿಪ್ಪಯ್ಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ, ನೇಯುತ್ತಿರಲಿಲ್ಲ.

"ತಪ್ಪು ಮಾಡಿದ್ದೀಯ," ಎಂದರು ಶೇಕದಾರರು.

"ಮಾಡಿದ್ದೀನಿ ಅಯ್ಯಾ. ಕಾಗಿತ ಇಟ್ಟು ಕರ್ಕಂಡು ಹೋದ್ರೆ ಹೋಗ್ತೀನಿ, ಜೈಲಿಗೆ ಹಾಕ್ಲಿ. ಕಾಗಿತ ಇಲ್ದೆ ಹೋದೋನು ನಮ್ಮ ತಮ್ಮ."

ಅವನು ಕೇಳಿದ್ದು ಅಷ್ಟೇ. ಕಾನೂನೂ ಅದನ್ನೇ ಹೇಳುತ್ತಿತ್ತು. ಆ ಕಡೆಯ ಆರೋಪಿ ಈ ಕಡೆ ಸಿಕ್ಕಿದರೆ ಅವನನ್ನು ಒಪ್ಪಿಸಲು ಬೆಂಗಳೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟರ ಮೂಲಕ ವಾರಂಟು ಬರಬೇಕು. ವಾರಂಟಿನಲ್ಲಿ ಹೋದವನು ನಾಲ್ಕು ಕಚೇರಿಗಳ ಪುಸ್ತಕದಲ್ಲಿ ಇರುತ್ತಾನೆ. ಅವನು ಇದ್ದಕ್ಕಿದ್ದಂತೆ ಸತ್ತರೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

ಹೊರಗೆ ಕುದುರೆಯ ಸದ್ದಾಯಿತು. ಬೀದಿಯ ಹೆಂಗಸರು ಹಾಸನ್ನು ಎತ್ತಿ ಹಿಡಿದುಕೊಂಡೇ ಗೋಡೆಗೆ ಒತ್ತಿ ನಿಂತರು. ನಾವು ಹೊರಗೆ ಬಂದೆವು. ಕಲ್ಲಿನ ಆಚೆ ಒಬ್ಬ ಸಬ್ ಇನ್ಸ್‌ಪೆಕ್ಟರು, ನಾಲ್ವರು ಕಾನ್‌ಸ್ಟೇಬಲ್ಲುಗಳು. ನಾಲ್ವರ ಕೈಯಲ್ಲೂ ಕೋವಿ. ಅವರಲ್ಲಿ ಒಬ್ಬನ ಹಣೆಗೆ ಬಟ್ಟೆ ಕಟ್ಟಿತ್ತು.

ಶೇಕದಾರರು ಕಲ್ಲಿಗೆ ಈ ಕಡೆಯಿಂದ ಒರಗಿದ ಹಾಗೆ ನಿಂತರು. ನಾನು ಅವರ ಹಿಂದೆ, ವರದಿಗೆಂದು ತಂದಿದ್ದ ನಕಾಶೆಯ ಸುರುಳಿ, ಅಳತೆಯ ಪುಸ್ತಕ ಹಿಡಿದುಕೊಂಡು.

"ದಾರಿ ಬಿಡ್ರಿ ಶೇಕದಾರ್ರೆ," ಎಂದರು ಇನ್ಸ್‌ಪೆಕ್ಟರು. "ಈ ಕಲ್ಲು ನಿಮ್ಮೋರು ಜರುಗಿಸಿರೋ ಕಲ್ಲು ಅಂತ ಕೇಳಿದ್ದೀನಿ. ಆ ಮನೆ ನಮ್ಮದು."

ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. ನೀವು ಓದಿದವರು, ನಿಮ್ಮ ಕೈಯಲ್ಲಿ ನಕಾಶೆ ಇದೆ, ಆ ಮನೆ ಯಾವ ಕಡೆ ಬರುತ್ತದೆ ಹೇಳಿ. ಅವರು ಕೇಳಿದ್ದು ಮರ್ಯಾದೆಯಿಂದಲೇ. ಅಷ್ಟರಲ್ಲಿ ಹಣೆಗೆ ಬಟ್ಟೆ ಕಟ್ಟಿದವನು ಕೋವಿ ಎತ್ತಿದ. ಕೋವಿಯ ಕುದುರೆ ಎಳೆದ ಆ ಸಣ್ಣ ಸದ್ದು ಕೇಳಿಸಿತು. ಕೋವಿಯ ಬಾಯಿ ನನ್ನ ಎದೆಗೂ ಶೇಕದಾರರ ಕುತ್ತಿಗೆಗೂ ನಡುವೆ ಸಣ್ಣಗೆ ತೂಗಾಡುತ್ತಿತ್ತು. ಹೊಡೆಯಬೇಕೆಂದು ಹಿಡಿದವನ ಕೈ ಹಾಗೆ ತೂಗಾಡುವುದಿಲ್ಲ. ಹೆದರಿದವನ ಕೈ ತೂಗಾಡುತ್ತದೆ, ಅದೇ ಹೆಚ್ಚು ಅಪಾಯ. ಇದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ನಾನು ಉತ್ತರ ಕೊಡಲಿಲ್ಲ.

"ನಕಾಶೆ ಅವ್ರದ್ದಲ್ಲ ಸಾಮಿ, ಸರ್ಕಾರದ್ದು," ಎಂದರು ಶೇಕದಾರರು. "ನಿಮಗೇನು, ಒಳಗೆ ಹೋಗಿ ಮನೆ ನೋಡ್ಬೇಕು, ಅಷ್ಟೇ ತಾನೆ? ಕೇಳ್ರಿ, ನೋಡಾನ."

"ಕೇಳ್ತಾ ಇದ್ದೀನಲ್ಲಯ್ಯಾ ಆವಾಗಿಂದ!"

"ಬಾಯಲ್ಲಿ ಕೇಳೋರು ಬೀಗರು. ಸರ್ಕಾರ ಬರ್ದು ಕೇಳ್ತೈತೆ. ಎರಡು ಸಾಲು ಬರ್ದು ಕೊಡ್ರಿ. ಮುಂದಿನದು ನಂದು."

ಇನ್ಸ್‌ಪೆಕ್ಟರಿಗೆ ಇದು ಸುಲಭವಾಗಿ ಮುಗಿಯುವಂತೆ ಕಂಡಿತು. ಈ ಮುದುಕನಿಗೆ ಮುಖ ಉಳಿಸಿಕೊಳ್ಳಲು ಒಂದು ಚೀಟಿ ಬೇಕು ಎಂದುಕೊಂಡಿರಬೇಕು. ನನ್ನ ಅಳತೆಯ ಪುಸ್ತಕದಿಂದ ಒಂದು ಹಾಳೆ ಹರಿಸಿಕೊಂಡು, ಕುದುರೆಯ ಜೀನಿನ ಮೇಲಿಟ್ಟು, ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಬರೆದರು. ಶೇಕದಾರರು ಅದನ್ನು ನನ್ನ ಕೈಗೆ ಕೊಟ್ಟು ಓದಿಸಿದರು. ನಾನು ಕನ್ನಡ ಮಾಡಿ ಓದಿದೆ. ಮೈಸೂರು ಸರ್ಕಾರದ ಶೇಕದಾರರಿಗೆ, ನಿಮ್ಮ ಹಳ್ಳಿಯ ಕೊನೆಯ ಮನೆಯನ್ನು ಪ್ರವೇಶಿಸಿ ಆರೋಪಿಯನ್ನು ಹಿಡಿಯಲು ಅನುಮತಿ ಕೋರುತ್ತೇನೆ. ಕೆಳಗೆ ಸಹಿ, ತಾರೀಖು, ಹೊತ್ತು.

ಶೇಕದಾರರು ಹಾಳೆಯನ್ನು ಮಡಿಸಿ ರುಮಾಲಿನ ಮಡಿಕೆಯೊಳಗೆ ಸಿಕ್ಕಿಸಿದರು.

"ಮುಟ್ಟಿತು ಸಾಮಿ. ನಾಳೆ ಅಮಲ್ದಾರ್ರಿಗೆ ಕಳಿಸ್ತೀನಿ. ಅವ್ರು ಮೇಲಕ್ಕೆ ಕಳಿಸ್ತಾರೆ. ಜವಾಬು ಬರ್ತೈತೆ. ಅಲ್ಲೀವರೆಗೂ ಮನುಷ್ಯ ನನ್ನ ಜಿಮ್ಮೆ."

ತಾನೇನು ಬರೆದುಕೊಟ್ಟೆ ಎಂಬುದು ಇನ್ಸ್‌ಪೆಕ್ಟರಿಗೆ ಆಗ ಅರ್ಥವಾಯಿತು. ನಿಮ್ಮ ಹಳ್ಳಿ ಎಂದು ಬರೆದು, ಅನುಮತಿ ಬೇಡಿ, ಕೆಳಗೆ ಹೆಸರು ಹಾಕಿದ್ದರು. ಇನ್ನು ಆ ಮನೆ ನಮ್ಮದು ಎನ್ನುವಂತಿರಲಿಲ್ಲ.

"ಆ ಕಾಗದ ಕೊಡು ಮುದುಕಾ."

"ಕೊಟ್ಟ ಕಾಗದ ವಾಪಸು ಕೊಡಾಕೆ ಬರಲ್ಲ."

ಹಣೆಗೆ ಬಟ್ಟೆ ಕಟ್ಟಿದವನು ಎರಡು ಹೆಜ್ಜೆ ಮುಂದೆ ಬಂದು, ಕಲ್ಲಿನ ಮೇಲಿಂದ ಕೋವಿ ಚಾಚಿ, ಅದರ ತುದಿಯಿಂದ ರುಮಾಲನ್ನು ಕಿತ್ತೆಬ್ಬಿಸಿದ. ಬಟ್ಟೆ ಹರಿದ ಸದ್ದು ಕೇಳಿಸಿತು. ರುಮಾಲು ಅವನ ಹಿಂದಕ್ಕೆ ಹಾರಿ ಆ ಕಡೆಯ ಮಣ್ಣಿನಲ್ಲಿ ಬಿತ್ತು. ಕಲ್ಲಿನಿಂದ ಐದಾರು ಹೆಜ್ಜೆ. ಮಡಿಕೆಯಲ್ಲಿ ಬಿಳಿ ಹಾಳೆಯ ಮೂಲೆ ಕಾಣುತ್ತಿತ್ತು. ಯಾರು ಬೇಕಾದರೂ ಬಗ್ಗಿ ಎಳೆದುಕೊಳ್ಳಬಹುದಾಗಿತ್ತು. ಯಾಕೆ ಬಗ್ಗಲಿಲ್ಲ ಎಂಬುದು ನನಗೆ ಇಂದಿಗೂ ತಿಳಿಯದು. ಅಧಿಕಾರಿಯ ಅಪ್ಪಣೆಗಾಗಿ ಕಾನ್‌ಸ್ಟೇಬಲ್ಲುಗಳು ಕಾದರು. ಹಳ್ಳಿಯವರೆಲ್ಲ ನೋಡುತ್ತಿರುವಾಗ ಒಂದು ರುಮಾಲಿಗೆ ಕೈ ಹಾಕಲು ಅಧಿಕಾರಿಗೆ ಮನಸ್ಸಾಗಲಿಲ್ಲವೋ ಏನೋ.

ಶೇಕದಾರರು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡರು. ಕಲ್ಲನ್ನು ಸುತ್ತಿ ಆ ಕಡೆಗೆ ನಡೆದರು.

ಆ ಐದಾರು ಹೆಜ್ಜೆಯನ್ನು ನಾನು ಎಂಟು ವರ್ಷದಿಂದ ನೋಡುತ್ತಿದ್ದೇನೆ. ಆ ನೆಲದಲ್ಲಿ ಅವರಿಗೆ ಯಾವ ರಕ್ಷಣೆಯೂ ಇರಲಿಲ್ಲ. ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದನೆಂದು ಅಲ್ಲೇ ಹಿಡಿಯಬಹುದಾಗಿತ್ತು. ಕೋವಿ ಅವರ ಬೆನ್ನಿಗೆ ಮೂರು ಅಡಿ ದೂರದಲ್ಲಿತ್ತು. ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಎಂದರೆ ಅವರಿಗೂ ಭಯವಿತ್ತು.

"ಈಗ ನೀನು ನಮ್ಮ ಸೀಮೇಲಿದ್ದೀಯ," ಎಂದರು ಇನ್ಸ್‌ಪೆಕ್ಟರು.

ಶೇಕದಾರರು ರುಮಾಲನ್ನು ಎತ್ತಿಕೊಂಡು ಮಣ್ಣು ಕೊಡವಿದರು. ಆ ನೆಲದಲ್ಲಿ ನಿಂತಿದ್ದರಿಂದ ತೆಲುಗಿನಲ್ಲಿ ಉತ್ತರ ಕೊಟ್ಟರು. ಅದರ ಅರ್ಥ ಇಷ್ಟು: ಹೌದು ಬಾಬೂ, ನಿಮ್ಮ ಸೀಮೆಯೇ. ಕಲ್ಲಿನ ಈ ಕಡೆ ನಿಮ್ಮದೇ. ಅದಕ್ಕೇ ಬೋಳುತಲೆಯಲ್ಲಿ ಬಂದಿದ್ದೇನೆ.

ರುಮಾಲನ್ನು ಅಲ್ಲಿ ತಲೆಗೆ ಇಟ್ಟುಕೊಳ್ಳಲಿಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡು, ಅವಸರ ಮಾಡದೆ, ಕಲ್ಲು ದಾಟಿ ಈ ಕಡೆ ಬಂದು ಇಟ್ಟುಕೊಂಡರು. ಹಾಳೆ ಅದರೊಳಗೇ ಇತ್ತು.

ಇನ್ಸ್‌ಪೆಕ್ಟರು ಕಲ್ಲನ್ನು, ತಮ್ಮ ಕಡೆಯ ಕಾವಿಯನ್ನು ಸ್ವಲ್ಪ ಹೊತ್ತು ನೋಡಿದರು. ಕೋವಿ ಇಳಿಸು ಎಂದು ಸನ್ನೆ ಮಾಡಿ ಕುದುರೆ ಹತ್ತಿದರು. ಅವರು ಹಳ್ಳ ದಾಟಿ ಮರೆಯಾದ ಮೇಲೆ ಬೀದಿಯ ಹೆಂಗಸರು ಹಾಸನ್ನು ಮತ್ತೆ ಬಿಗಿದು ಕಟ್ಟಿದರು. ನಾನು ಕಲ್ಲಿನ ಬುಡದಲ್ಲಿ ಕುಳಿತುಬಿಟ್ಟೆ.

ದಾರಿಯಲ್ಲಿ ಶೇಕದಾರರು ಹೇಳಿದರು. "ನಿಮ್ಮನ್ನ ಕೇಳಿದಾಗ ನನ್ನ ಎದೆ ಹೊಡ್ಕಂತು ನೋಡ್ರಿ. ನೀವು ಬಾಯಿ ಬಿಡ್ಲಿಲ್ಲ. ಅಷ್ಟು ಓದಿದ್ರೂ ಬಾಯಿ ಬಿಡ್ಲಿಲ್ಲ. ಅದು ದೊಡ್ಡದು."

ನಿಜವೆಂದರೆ ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಮಾತು ಹೊರಟಿದ್ದರೆ ಆ ಮನೆ ನಿಮ್ಮ ಕಡೆಗೇ ಬರುತ್ತದೆ ಎಂದು ಹೇಳಿಬಿಡುತ್ತಿದ್ದೆ. ಕೋವಿಯ ಭಯಕ್ಕೆ ಅಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ಕೇಳಿದ್ದರು, ಉತ್ತರ ನನಗೆ ಗೊತ್ತಿತ್ತು, ಅಷ್ಟಕ್ಕೆ. ತಿಪ್ಪಯ್ಯ ಉಳಿದದ್ದು ನನ್ನ ಬಾಯಿ ಒಣಗಿದ್ದರಿಂದ. ಇದನ್ನು ನಾನು ಅವರಿಗೆ ಎಂದೂ ಹೇಳಲಿಲ್ಲ.

ಕಾಗದ ಮೇಲಕ್ಕೆ ಹೋಯಿತು, ತಿಂಗಳುಗಳ ಮೇಲೆ ವಾರಂಟು ಬಂತು. ಶೇಕದಾರರು ಒಂದು ದಿನವೂ ತಡಮಾಡಲಿಲ್ಲ. ತಿಪ್ಪಯ್ಯನನ್ನು ತಾವೇ ಕಲ್ಲಿನವರೆಗೆ ಕರೆದುಕೊಂಡು ಹೋದರು. ಅದೇ ಇನ್ಸ್‌ಪೆಕ್ಟರು ಬಂದಿದ್ದರು. ಒಪ್ಪಿಸುವ ಮೊದಲು ಅವನ ಅಂಗಿ ಬಿಚ್ಚಿಸಿ, ಮುಂದೆ ಹಿಂದೆ ತಿರುಗಿಸಿ ತೋರಿಸಿ, ರಸೀದಿ ಬರೆಸಿಕೊಂಡರು. ಆಳು ಒಂದು. ಕೈಕಾಲು, ಬೆರಳು, ಹಲ್ಲು ಸರಿಯಾಗಿವೆ. ಮೈಮೇಲೆ ಗಾಯವಿಲ್ಲ. ಇನ್ಸ್‌ಪೆಕ್ಟರು ಎರಡು ಸಲ ಓದಿ ಸಹಿ ಹಾಕಿದರು. ತಿಪ್ಪಯ್ಯನಿಗೆ ಶಿಕ್ಷೆಯಾಯಿತು. ಮುಗಿಸಿಕೊಂಡು ಕೈಕಾಲು, ಬೆರಳು, ಹಲ್ಲು ಸರಿಯಾಗಿಯೇ ಇದ್ದು ವಾಪಸು ಬಂದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ಶೇಕದಾರರ ರುಮಾಲು ಇಸಿದುಕೊಂಡು ಹೋದದ್ದು. ಹರಿದ ಕಡೆ ಎಳೆಗೆ ಎಳೆ ಕೂಡಿಸಿ ಮೂರು ದಿನಕ್ಕೆ ತಂದುಕೊಟ್ಟ.

ಆಮೇಲೆ ನನಗೆ ಚಳ್ಳಕೆರೆಗೆ ವರ್ಗವಾಯಿತು. ಅಲ್ಲಿ ಒಂದು ಕಾನೂನಿನ ಪುಸ್ತಕದಲ್ಲಿ, ನೆರೆಹೊರೆಯ ಎರಡು ರಾಜ್ಯಗಳು ಒಂದು ಗೆರೆಯನ್ನು ಬಹುಕಾಲ ತಕರಾರಿಲ್ಲದೆ ಒಪ್ಪಿ ನಡೆದರೆ ನಕಾಶೆ ಏನೇ ಹೇಳಲಿ ಅದೇ ಗಡಿಯೆಂದು ಓದಿದೆ. ಪ್ರವೇಶಕ್ಕೆ ಅನುಮತಿ ಕೇಳಿದವನು ಆ ನೆಲ ತನ್ನದೆಂದು ಆಮೇಲೆ ವಾದಿಸುವಂತಿಲ್ಲ ಎಂದೂ ಇತ್ತು. ಬಹಳ ಸಂತೋಷದಿಂದ ಹೋಗಿ ಶೇಕದಾರರಿಗೆ ಹೇಳಿದೆ.

"ಇದನ್ನ ಬರೆಯಾಕೆ ಪುಸ್ತಕ ಬೇಕಾತಾ?" ಎಂದರು.

ಆ ನಕಾಶೆಯನ್ನು ಏನು ಮಾಡಲಿ ಎಂದು ಆ ದಿನವೇ ಕೇಳಿದೆ. ವರದಿ ಬರೆದಿರಲಿಲ್ಲ, ಹರಿದುಹಾಕಲೂ ಮನಸ್ಸಾಗಿರಲಿಲ್ಲ. "ಇಟ್ಕಳ್ರಿ. ಅದು ಸುಳ್ಳಲ್ಲ," ಎಂದರು. ಅದು ನನ್ನ ಪೆಟ್ಟಿಗೆಯಲ್ಲಿದೆ.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮಗಳ ಮನೆಗೆ ಹೋಗದೆ ಬೇರೆ ದಾರಿಯಿರಲಿಲ್ಲ. ಗಾಡಿ ಹೊಡೆದುಕೊಂಡು ಹೋದವನು ತಿಪ್ಪಯ್ಯ. ಪಿಂಚಣಿಯಾಗಿ ಕೆಲವು ವರ್ಷವಾಗಿದ್ದರೂ ಕಲ್ಲಿನ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಇಳಿದು, ರುಮಾಲು ತೆಗೆದು ಪಂಚೆಯಲ್ಲಿ ಸುತ್ತಿದರಂತೆ. ಅದನ್ನು ಮತ್ತೆ ಬಿಚ್ಚಲಿಲ್ಲ.

ಹೋದ ವಾರ ತಿಪ್ಪಯ್ಯ ಚಳ್ಳಕೆರೆಯ ಕಚೇರಿಗೆ ಬಂದ. ಕಂಕುಳಲ್ಲಿ ಆ ಗಂಟು.

"ಅಯ್ಯನೋರು ಹೇಳಿದ್ರು ಸಾಮಿ. ನಾನು ಇಲ್ಲೇ ಸತ್ರೂ ಪರವಾಗಿಲ್ಲ. ಇದು ಸರ್ಕಾರದ್ದು, ಮೈಸೂರು ಕಡೆಗೇ ಹೋಗ್ಬೇಕು ಅಂತ. ನಿಮಗೇ ಕೊಡು ಅಂದ್ರು."

ಮೇಜಿನ ಮೇಲಿಟ್ಟು ಬಿಚ್ಚಿದೆ. ಸರಿಗೆ ಕಪ್ಪಾಗಿತ್ತು, ನಶ್ಯದ ವಾಸನೆ ಇನ್ನೂ ಇತ್ತು. ನಾನು ಕೋವಿಯ ತುದಿ ತಾಗಿದ ಜಾಗವನ್ನು ಹುಡುಕತೊಡಗಿದೆ. ಮಡಿಕೆ ಮಡಿಕೆಯಾಗಿ ಬೆರಳಾಡಿಸಿದೆ, ಬೆಳಕಿಗೆ ಹಿಡಿದೆ.

"ಹುಡುಕಬ್ಯಾಡಿ ಸಾಮಿ. ನನಗೇ ಸಿಗಲ್ಲ," ಎಂದ ತಿಪ್ಪಯ್ಯ. ಆಮೇಲೆ ಸ್ವಲ್ಪ ಸಂಕೋಚದಿಂದ, "ರಸೀದಿ ಕೊಟ್ಬಿಡಿ," ಎಂದ.

ಹಾಳೆ ತೆಗೆದುಕೊಂಡು "ರುಮಾಲು ಒಂದು" ಎಂದು ಬರೆದು ನಿಲ್ಲಿಸಿದೆ. ಅದು ಹರಿದಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರ ಕೈಗೂ ಹರಕು ಸಿಗುತ್ತಿರಲಿಲ್ಲ. "ಸರಿಯಾಗಿದೆ, ಗಾಯವಿಲ್ಲ" ಎಂದು ಬರೆದು ಸಹಿ ಹಾಕಿದೆ.

"ಓದಿ ಹೇಳಿ ಸಾಮಿ."

ನಾನು ಗಟ್ಟಿಯಾಗಿ ಓದಿದೆ. ಅವನು ಕೇಳಿ, ತಲೆಯಾಡಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ತಲೆಗೆ ಸುತ್ತಿದ್ದ ವಸ್ತ್ರದೊಳಗೆ ಸಿಕ್ಕಿಸಿಕೊಂಡು ಹೋದ.